ಎಚ್‌ಐವಿ ಸೋಂಕಿತರ ಎದೆಯ ತೊಂದರೆಗಳು: ಎಕ್ಸ್-ರೇ, ಅಲ್ಟ್ರಾಸೌಂಡ್, ಸಿಟಿ ಸ್ಕ್ಯಾನ್‌ಗಳನ್ನು ಬಳಸುವ ಕ್ರಮ

ಎಚ್‌ಐವಿ ಸೋಂಕು ಮುಂದುವರಿದು ಏಡ್ಸ್ ಹಂತ ತಲುಪಿದವರು ಆಸ್ಪತ್ರೆಗೆ ಬರುವ ಕಾರಣಗಳಲ್ಲಿ ಕೆಮ್ಮು, ದಮ್ಮು, ಎದೆನೋವು ಮತ್ತು ಬಿಡದ ಜ್ವರ ಮುಖ್ಯವಾದವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ತಾಲೂಕು ಆಸ್ಪತ್ರೆಗಳಲ್ಲಿ ಇಂಥ ರೋಗಿಗೆ ಮೊದಲು ಬರೆದುಕೊಡುವುದು ಜನ ‘ಎದೆ ಫೋಟೊ’ ಎನ್ನುವ ಎಕ್ಸ್-ರೇಯನ್ನೇ. ಆ ಫೋಟೊವನ್ನು ಕೇಳುವುದು, ತೆಗೆಯುವುದು, ಓದುವುದು ಹೇಗೆ ಮತ್ತು ಓದಿದ ಮೇಲೆ ಮುಂದೇನು ಮಾಡಬೇಕು ಎಂಬುದನ್ನು ತಾಲೂಕು ವೈದ್ಯಾಧಿಕಾರಿಗಳು, ಹೌಸ್ ಸರ್ಜನ್‌ಗಳು, ಎಕ್ಸ್-ರೇ ತಂತ್ರಜ್ಞರು ಹಾಗೂ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ಕೇಂದ್ರದ ಸಿಬ್ಬಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಫಿಲ್ಮಿನಲ್ಲಿ ನಮಗೆ ಕಾಣುವುದು ರೋಗಾಣುವಲ್ಲ. ರೋಗಾಣುವಿನ ವಿರುದ್ಧ ದೇಹ ನಡೆಸಿದ ಹೋರಾಟದ ಗುರುತು. ಹೋರಾಡುವ ಶಕ್ತಿಯೇ ಕುಗ್ಗಿದ ದೇಹದಲ್ಲಿ ಆ ಗುರುತು ಮಸುಕಾಗಿರಬಹುದು, ಬೇರೆ ಜಾಗದಲ್ಲಿರಬಹುದು, ಇಲ್ಲದೆಯೂ ಇರಬಹುದು. ಆದ್ದರಿಂದ ಸಿಡಿ4 ಎಣಿಕೆಯನ್ನು (ರಕ್ತದ ಪ್ರತಿ ಘನ ಮಿಲಿಮೀಟರ್‌ನಲ್ಲಿ ರೋಗನಿರೋಧಕ ಸಿಡಿ4 ಕೋಶಗಳು ಎಷ್ಟಿವೆ ಎಂಬ ಲೆಕ್ಕ) ಪಕ್ಕದಲ್ಲಿಟ್ಟುಕೊಳ್ಳದೆ ಎಚ್‌ಐವಿ ಸೋಂಕಿತರ ಎಕ್ಸ್-ರೇ ಓದುವುದು ಅರ್ಧ ಓದಿದಂತೆಯೇ ಸರಿ.

ಹಂತ 1: ಚಿತ್ರಕ್ಕೆ ಮೊದಲು ರೋಗಿಯನ್ನು ನೋಡಿ

ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚು, ನಾಡಿ 120ಕ್ಕಿಂತ ಹೆಚ್ಚು, ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿದ್ದು, ಅಥವಾ ಆಸರೆಯಿಲ್ಲದೆ ನಡೆಯಲಾರದ ಸ್ಥಿತಿ, ಇವುಗಳಲ್ಲಿ ಒಂದಿದ್ದರೂ ಅದು ಅಪಾಯದ ಲಕ್ಷಣ. ಅಂಥವರಿಗೆ ಆಮ್ಲಜನಕ ಮತ್ತು ಮೊದಲ ಚಿಕಿತ್ಸೆ ಕೊಟ್ಟ ನಂತರವೇ ಎಕ್ಸ್-ರೇ ಕೋಣೆಯ ಮಾತು. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್‌ನಿಂದ ಕುಳಿತಾಗ ಒಮ್ಮೆ, ವರಾಂಡದಲ್ಲಿ ಸ್ವಲ್ಪ ನಡೆಸಿದ ಮೇಲೆ ಇನ್ನೊಮ್ಮೆ ಆಮ್ಲಜನಕದ ಮಟ್ಟ ನೋಡಬೇಕು. ಕುಳಿತಾಗ ಸರಿಯಾಗಿದ್ದು ನಡೆದಾಗ ಕುಸಿಯುವುದು ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾದ ಮುಖ್ಯ ಸುಳಿವು. ಎಕ್ಸ್-ರೇ ಇನ್ನೂ ಏನನ್ನೂ ತೋರಿಸದಿರುವಾಗಲೂ ಇದು ಕಾಣಿಸಿಕೊಳ್ಳಬಹುದು.

ಆಮೇಲೆ ಕಾಯಿಲೆಯ ವೇಗವನ್ನು ಕೇಳಿ. ಎರಡು ಮೂರು ದಿನಗಳಲ್ಲಿ ಚಳಿಜ್ವರ, ಒಂದೇ ಪಕ್ಕದಲ್ಲಿ ಚುಚ್ಚುವ ನೋವು, ಬಣ್ಣದ ಕಫ ಬಂದಿದ್ದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಮನಸ್ಸಿಗೆ ಬರಬೇಕು. ಕೆಲವು ವಾರಗಳಿಂದ ಒಣಕೆಮ್ಮಿದ್ದು ದಮ್ಮು ದಿನೇ ದಿನೇ ಏರುತ್ತಿದ್ದರೆ ನ್ಯುಮೋಸಿಸ್ಟಿಸ್, ವಾರಗಟ್ಟಲೆ ಕೆಮ್ಮಿನ ಜೊತೆ ತೂಕ ಇಳಿದು ರಾತ್ರಿ ಬೆವರು ಬರುತ್ತಿದ್ದರೆ ಕ್ಷಯ. ಇವು ಕೇವಲ ಒಲವುಗಳು. ಒಂದಕ್ಕಿಂತ ಹೆಚ್ಚು ರೋಗ ಒಬ್ಬರಲ್ಲೇ ಇರುವುದೂ ಉಂಟು, ಎಚ್‌ಐವಿಯಲ್ಲಿ ಅದು ಅಪರೂಪವೇನಲ್ಲ.

ಇತ್ತೀಚಿನ ಸಿಡಿ4 ಎಣಿಕೆ, ಎಆರ್‌ಟಿ ಗುಳಿಗೆ ಶುರುವಾದ ದಿನ, ನಡುವೆ ಬಿಟ್ಟದ್ದುಂಟೇ, ಸೋಂಕು ತಡೆಯಲು ಕೊಡುವ ಕೋ-ಟ್ರೈಮೊಕ್ಸಜೋಲ್ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆಯೇ, ಹಿಂದೆ ಟಿಬಿ ಚಿಕಿತ್ಸೆ ಆಗಿದೆಯೇ ಎಂಬುದು ಎಆರ್‌ಟಿ ಪುಸ್ತಕದಲ್ಲೇ ಇರುತ್ತದೆ. ಕಸುಬು ಮಾತ್ರ ಅಲ್ಲಿ ಸಾಮಾನ್ಯವಾಗಿ ‘ಕೂಲಿ’ ಎಂಬ ಒಂದೇ ಪದದಲ್ಲಿ ಮುಗಿದಿರುತ್ತದೆ. ನಮ್ಮ ಭಾಗದಲ್ಲಿ ಅಷ್ಟು ಸಾಲದು. ಹಟ್ಟಿಯ ಚಿನ್ನದ ಗಣಿಯಲ್ಲೋ, ಸಂಡೂರಿನ ಅದಿರು ಗಣಿಯಲ್ಲೋ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲೋ, ಕೊಪ್ಪಳ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಯಲ್ಲೋ ಎಷ್ಟು ವರ್ಷ ದುಡಿದರು ಎಂಬುದನ್ನು ಬಿಡಿಸಿ ಕೇಳಿ ಬರೆದುಕೊಳ್ಳಿ. ಇದು ಏಕೆ ಬೇಕು ಎಂಬುದು 4ನೇ ಹಂತದಲ್ಲಿ ಸ್ಪಷ್ಟವಾಗುತ್ತದೆ.

ಹಂತ 2: ಚೀಟಿ ಬರೆಯುವುದು ಮತ್ತು ಗೋಪ್ಯತೆ

‘ಚೆಸ್ಟ್ ಎಕ್ಸ್-ರೇ, ಕೆಮ್ಮು’ ಎಂದಷ್ಟೇ ಬರೆದ ಚೀಟಿಯಿಂದ ರೇಡಿಯಾಲಜಿಸ್ಟ್‌ಗೆ ಯಾವ ಸಹಾಯವೂ ಇಲ್ಲ. ಎಷ್ಟು ದಿನದ ಕೆಮ್ಮು, ಆಮ್ಲಜನಕದ ಮಟ್ಟವೆಷ್ಟು, ಸಿಡಿ4 ಎಷ್ಟು, ಯಾವ ಸಂಶಯವನ್ನು ಪರಿಹರಿಸಬೇಕು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಬಹುದು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಯು ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು ನಿಷೇಧಿಸುತ್ತದೆ. ಆದರೆ ಅದೇ ರೋಗಿಯ ಆರೈಕೆಯಲ್ಲಿ ತೊಡಗಿರುವ ಇನ್ನೊಬ್ಬ ವೈದ್ಯರಿಗೆ, ಚಿಕಿತ್ಸೆಗೆ ಅಗತ್ಯವಿದ್ದಷ್ಟು ತಿಳಿಸಲು ಅದರಲ್ಲಿ ಅಡ್ಡಿಯಿಲ್ಲ. ಫಿಲ್ಮಿನ ಕವರಿನ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕುವುದು, ಸಾಲಿನಲ್ಲಿ ನಿಂತವರಿಗೆ ಕೇಳಿಸುವಂತೆ ಕೂಗುವುದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ. ಸಣ್ಣ ಊರುಗಳಲ್ಲಿ ಎಕ್ಸ್-ರೇ ಕೋಣೆಯ ಮುಂದೆ ಪಕ್ಕದ ಮನೆಯವರೇ ಕುಳಿತಿರುತ್ತಾರೆ.

ಹಂತ 3: ಒಳ್ಳೆಯ ಫಿಲ್ಮ್ ತೆಗೆಯುವುದು

ಸಾಧ್ಯವಾದರೆ ರೋಗಿ ನಿಂತಿರಬೇಕು. ಎದೆ ಪ್ಲೇಟಿಗೆ ತಗುಲಿರಬೇಕು, ಕಿರಣ ಬೆನ್ನಿನಿಂದ ಬರಬೇಕು. ಇದು ಪಿಎ ನೋಟ. ಟ್ಯೂಬಿಗೂ ಪ್ಲೇಟಿಗೂ ಸುಮಾರು 180 ಸೆಂಟಿಮೀಟರ್ ಅಂತರವಿರಲಿ. ಹಾಸಿಗೆ ಹಿಡಿದವರಲ್ಲಿ ಎದುರಿನಿಂದ ತೆಗೆಯುವ ಎಪಿ ನೋಟ ಅನಿವಾರ್ಯ, ಆದರೆ ಅದರಲ್ಲಿ ಹೃದಯ ದೊಡ್ಡದಾಗಿ ಕಾಣುತ್ತದೆ, ಎದೆಯ ನೀರು ಹಿಂದಕ್ಕೆ ಹರಡಿ ತೆಳು ಮಬ್ಬಾಗಿಬಿಡುತ್ತದೆ. ಆದ್ದರಿಂದ ಫಿಲ್ಮಿನ ಮೇಲೆ ‘ಎಪಿ’ ಎಂದು ತಪ್ಪದೆ ಗುರುತಿಸಬೇಕು.

ಎದೆಯ ಮೇಲಿನ ವಸ್ತುಗಳ ವಿಷಯದಲ್ಲಿ ನಮ್ಮ ಕಡೆ ತುಸು ಸೂಕ್ಷ್ಮತೆ ಬೇಕು. ಹೆಣ್ಣುಮಕ್ಕಳ ಜಡೆ ಹೆಗಲ ಮೇಲೆ ಬಿದ್ದಿದ್ದರೆ ಶ್ವಾಸಕೋಶದ ತುದಿಯಲ್ಲಿ ಟಿಬಿಯ ಹಾಗೆ ಕಾಣುವ ನೆರಳು ಮೂಡುತ್ತದೆ, ಅದನ್ನು ಎತ್ತಿ ಕಟ್ಟಿಸಬೇಕು. ತಾಳಿಸರ, ತಾಯಿತ, ಜರಿಯಂಚಿನ ರವಿಕೆಗಳನ್ನು ತೆಗೆಸಬೇಕು. ಲಿಂಗವಂತರು ಕೊರಳಲ್ಲಿ ಧರಿಸುವ ಬೆಳ್ಳಿಯ ಕರಡಿಗೆ ಎದೆಯ ನಡುಮಧ್ಯದಲ್ಲೇ ಕುಳಿತು ದುಗ್ಧಗ್ರಂಥಿಗಳು (ಲಿಂಫ್ ನೋಡ್‌ಗಳು) ಇರುವ ಜಾಗವನ್ನು ಮುಚ್ಚುತ್ತದೆ. ತಂತ್ರಜ್ಞರು ಅದಕ್ಕೆ ಕೈಹಾಕದೆ, ಕಾರಣ ವಿವರಿಸಿ, ಅವರೇ ಅದನ್ನು ಎದೆಯಿಂದ ಸರಿಸಿ ಕೈಯಲ್ಲಿ ಹಿಡಿದುಕೊಳ್ಳುವಂತೆ ವಿನಂತಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

ಫಿಲ್ಮ್ ಬಂದ ಕೂಡಲೇ, ರೋಗಿ ಇನ್ನೂ ಅಲ್ಲೇ ಇರುವಾಗ, ನಾಲ್ಕು ವಿಷಯ ನೋಡಿ. ಎರಡೂ ಕೊರಳೆಲುಬುಗಳ ಒಳತುದಿಗಳು ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿರಬೇಕು. ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಮೇಲೆ ಹಿಂಭಾಗದ ಒಂಬತ್ತು ಹತ್ತು ಪಕ್ಕೆಲುಬುಗಳು ಎಣಿಸಲು ಸಿಗಬೇಕು. ಹೆಗಲಿನ ಅಗಲ ಎಲುಬುಗಳು ಶ್ವಾಸಕೋಶದಿಂದ ಆಚೆ ಸರಿದಿರಬೇಕು. ಹೃದಯದ ನೆರಳಿನ ಹಿಂದೆ ಬೆನ್ನೆಲುಬುಗಳು ಮಸುಕಾಗಿಯಾದರೂ ಕಾಣಬೇಕು. ಪೂರ್ತಿ ಉಸಿರೆಳೆಯದ ಫಿಲ್ಮಿನಲ್ಲಿ ಕೆಳಭಾಗ ಮಬ್ಬಾಗಿ ಕಂಡು, ನ್ಯುಮೋಸಿಸ್ಟಿಸ್ ಇಲ್ಲದವರಿಗೂ ಅದರ ಹೆಸರು ಅಂಟಿಕೊಳ್ಳುತ್ತದೆ. ದಮ್ಮಿರುವವರು ಉಸಿರು ಹಿಡಿಯಲಾರರು ಎಂಬುದು ನಿಜ. ಆದರೂ ಒಮ್ಮೆ ಅಭ್ಯಾಸ ಮಾಡಿಸಿ ತೆಗೆದರೆ ವ್ಯತ್ಯಾಸ ಕಾಣುತ್ತದೆ.

ಕೆಮ್ಮುವ ರೋಗಿಗೆ ಮಾಸ್ಕ್ ಕೊಡಿ. ಕಿಟಕಿ ತೆರೆದ ಜಾಗದಲ್ಲಿ ಕೂರಿಸಿ. ಇದು ಟಿಬಿಗಾಗಿ ತೆಗೆದುಕೊಳ್ಳುವ ಎಚ್ಚರ, ಎಚ್‌ಐವಿಗಾಗಿ ಅಲ್ಲ. ಎಕ್ಸ್-ರೇ ಪ್ಲೇಟಿನಿಂದ ಎಚ್‌ಐವಿ ಹರಡುವುದಿಲ್ಲ, ಹಾಗೆಂದು ಯಾರನ್ನೂ ಸಾಲಿನ ಕೊನೆಗೆ ತಳ್ಳುವಂತಿಲ್ಲ.

ಹಂತ 4: ಓದುವುದು

ಹಳೆಯ ಫಿಲ್ಮ್ ಇದ್ದರೆ ಮೊದಲು ಅದನ್ನು ಪಕ್ಕದಲ್ಲಿಡಿ. ಹಿಂದಿನ ಟಿಬಿಯ ಗಾಯದ ಕಲೆ ಇಂದಿನ ಹೊಸ ರೋಗದಂತೆಯೇ ಕಾಣಬಹುದು. ಎರಡು ವರ್ಷದ ಹಿಂದಿನ ಫಿಲ್ಮಿನಲ್ಲೂ ಅದೇ ಗೆರೆ ಅಲ್ಲೇ ಇದ್ದರೆ ಅರ್ಧ ಸಂಶಯ ಅಲ್ಲೇ ಪರಿಹಾರವಾಗುತ್ತದೆ. ಆಮೇಲೆ ಕಣ್ಣು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವ ಜಾಗಗಳಿಗೆ ಮೊದಲು ಹೋಗಿ: ಕೊರಳೆಲುಬಿನ ಹಿಂದಿನ ತುದಿಭಾಗ, ಹೃದಯದ ಹಿಂದೆ, ವಪೆಯ ಗುಮ್ಮಟದ ಕೆಳಗೆ, ಶ್ವಾಸನಾಳದ ಬಲಪಕ್ಕದ ಅಂಚು. ಈ ಕೊನೆಯ ಜಾಗದಲ್ಲಿ ದಪ್ಪನೆಯ ಪಟ್ಟಿ ಕಂಡರೆ ಗ್ರಂಥಿ ಊದಿಕೊಂಡಿರಬಹುದು.

ಕ್ಷಯವನ್ನು ಇಲ್ಲಿ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಎಚ್‌ಐವಿ ಸೋಂಕಿತರ ಜೀವ ತೆಗೆಯುವ ಕಾಯಿಲೆಗಳಲ್ಲಿ ಅದೇ ಮುಂದಿದೆ. 1981ರ ಜೂನ್‌ನಲ್ಲಿ ಅಮೆರಿಕದಿಂದ ಬಂದ ಏಡ್ಸ್‌ನ ಮೊದಲ ವರದಿ ಲಾಸ್ ಏಂಜಲೀಸ್‌ನ ಐವರಲ್ಲಿ ಕಂಡ ನ್ಯುಮೋಸಿಸ್ಟಿಸ್ ನ್ಯುಮೋನಿಯಾದ ಬಗ್ಗೆ ಇತ್ತು. ಅಲ್ಲಿನ ಪಠ್ಯಗಳು ಆ ರೋಗಕ್ಕೆ ಮೊದಲ ಸ್ಥಾನ ಕೊಟ್ಟದ್ದು ಸಹಜ. ಆ ಕ್ರಮವನ್ನೇ ಬಾಯಿಪಾಠ ಮಾಡಿ ಸಿಂಧನೂರಿನ ರೋಗಿಗೆ ಅನ್ವಯಿಸುವುದು ಸರಿಯಲ್ಲ.

ಕ್ಷಯ ಯಾವ ಸಿಡಿ4 ಮಟ್ಟದಲ್ಲೂ ಬರಬಹುದು, ಆದರೆ ಅದರ ರೂಪ ಬದಲಾಗುತ್ತದೆ. ಸಿಡಿ4 ಸುಮಾರು 350ಕ್ಕಿಂತ ಮೇಲಿದ್ದಾಗ ಎಚ್‌ಐವಿ ಇಲ್ಲದವರಲ್ಲಿ ಕಾಣುವ ಹಾಗೆಯೇ ಮೇಲ್ಭಾಗದಲ್ಲಿ ಕಲೆಗಳು, ಗೋಡೆ ದಪ್ಪನಾದ ಕುಳಿಗಳು ಕಾಣುತ್ತವೆ. ಕುಳಿ ಉಂಟಾಗುವುದು ದೇಹದ ರೋಗನಿರೋಧಕ ಕೋಶಗಳು ರೋಗಾಣುವಿನ ಸುತ್ತ ಗೂಡು ಕಟ್ಟಿ, ಆ ಗೂಡಿನ ನಡುಭಾಗ ಕೊಳೆತು ಬಿದ್ದಾಗ. ಸಿಡಿ4 200ಕ್ಕಿಂತ ಇಳಿದವರಲ್ಲಿ ಆ ಗೂಡು ಕಟ್ಟುವವರೇ ಇಲ್ಲ. ಹಾಗಾಗಿ ಕುಳಿ ಅಪರೂಪವಾಗುತ್ತದೆ. ಬದಲಿಗೆ ಎದೆಯ ನಡುವಿನ ಗ್ರಂಥಿಗಳ ಊತ, ಕೆಳಭಾಗದ ಮಬ್ಬು, ಎದೆಯಲ್ಲಿ ನೀರು, ಹೃದಯದ ಸುತ್ತ ನೀರು ಕಾಣುತ್ತವೆ. ರೋಗಾಣು ರಕ್ತದ ಮೂಲಕ ಹರಡಿದರೆ ಎರಡೂ ಶ್ವಾಸಕೋಶಗಳ ತುಂಬ ನವಣೆ ಕಾಳು ಚೆಲ್ಲಿದಂತೆ 1ರಿಂದ 3 ಮಿಲಿಮೀಟರ್‌ನ ಚುಕ್ಕೆಗಳು ಮೂಡುತ್ತವೆ. ಕುಳಿಯಿಲ್ಲದ ಕಾರಣ ಕಫದಲ್ಲಿ ರೋಗಾಣುಗಳೂ ಕಡಿಮೆ, ಆದ್ದರಿಂದಲೇ ಸೂಕ್ಷ್ಮದರ್ಶಕದ ಕಫ ಪರೀಕ್ಷೆ ಇಂಥವರಲ್ಲಿ ಪದೇ ಪದೇ ‘ನೆಗೆಟಿವ್’ ಬರುತ್ತದೆ. ಕಫದಲ್ಲಿ ಟಿಬಿ ದೃಢಪಟ್ಟವರಲ್ಲೂ ಕೆಲವರ ಎಕ್ಸ್-ರೇ ಸಂಪೂರ್ಣ ಸಹಜವಾಗಿರುತ್ತದೆ. ಲಕ್ಷಣಗಳಿರುವಾಗ ‘ಎಕ್ಸ್-ರೇ ನಾರ್ಮಲ್, ಮನೆಗೆ ಹೋಗಿ’ ಎನ್ನುವುದು ಈ ರೋಗಿಗಳ ವಿಷಯದಲ್ಲಿ ನಾವು ಬಿಡಲೇಬೇಕಾದ ಅಭ್ಯಾಸ.

ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಹೆಚ್ಚಾಗಿ ಬರುವುದು ಸಿಡಿ4 200ಕ್ಕಿಂತ ಕೆಳಗಿದ್ದು, ಕೋ-ಟ್ರೈಮೊಕ್ಸಜೋಲ್ ತೆಗೆದುಕೊಳ್ಳದವರಲ್ಲಿ. ಎರಡೂ ಕಡೆ ಸಮನಾಗಿ, ಶ್ವಾಸಕೋಶದ ನಡುಭಾಗದಿಂದ ಹೊರಕ್ಕೆ ಹರಡುವ ತೆಳು ಮಬ್ಬು ಅದರ ಚಿತ್ರ. ಆರಂಭದಲ್ಲಿ ಫಿಲ್ಮ್ ಸಹಜವಾಗಿಯೂ ಇರಬಹುದು. ಇಲ್ಲಿ ಇಲ್ಲದಿರುವುದೂ ಒಂದು ಸುಳಿವು: ಗ್ರಂಥಿಗಳ ಊತವಾಗಲಿ ಎದೆಯ ನೀರಾಗಲಿ ಈ ರೋಗದಲ್ಲಿ ಸಾಮಾನ್ಯವಲ್ಲ. ಅವು ಕಂಡರೆ ಟಿಬಿಯನ್ನೋ ಇನ್ನೊಂದನ್ನೋ ಹುಡುಕಬೇಕು. ಕೆಲವರಲ್ಲಿ ತೆಳು ಗೋಡೆಯ ಗಾಳಿಗುಳ್ಳೆಗಳಾಗಿ, ಅವು ಒಡೆದು ಶ್ವಾಸಕೋಶ ಕುಸಿಯುತ್ತದೆ. ಏಕಾಏಕಿ ಎದೆನೋವು, ದಮ್ಮು ಹೆಚ್ಚಿದ ರೋಗಿಯಲ್ಲಿ ಪಕ್ಕೆಲುಬಿನ ಒಳಗೆ ಶ್ವಾಸಕೋಶದ ಅಂಚು ತೆಳುಗೆರೆಯಾಗಿ ಕಂಡು, ಅದರಾಚೆ ರಕ್ತನಾಳದ ಗೆರೆಗಳಿಲ್ಲದ ಕಪ್ಪು ಜಾಗವಿದೆಯೇ ಎಂದು ನೋಡಲು ಮರೆಯಬಾರದು.

ಬ್ಯಾಕ್ಟೀರಿಯಾದ ನ್ಯುಮೋನಿಯಾ ಯಾವ ಸಿಡಿ4 ಮಟ್ಟದಲ್ಲೂ ಬರುತ್ತದೆ. ಒಂದು ಭಾಗ ಪೂರ್ತಿ ಬಿಳಿಯಾಗಿ, ಅದರೊಳಗೆ ಗಾಳಿತುಂಬಿದ ನಾಳಗಳು ಕಪ್ಪು ಕವಲುಗಳಾಗಿ ಕಾಣುತ್ತವೆ. ಸೂಕ್ತ ಔಷಧ ಕೊಟ್ಟರೂ ಕೆಲವು ದಿನಗಳಲ್ಲಿ ಜ್ವರ ಇಳಿಯದಿದ್ದರೆ ಟಿಬಿಯೂ ಇದೇ ವೇಷದಲ್ಲಿ ಬರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಸಿಡಿ4 100ರ ಕೆಳಗಿದ್ದು ಗಂಟುಗಳೋ ಮಬ್ಬೋ ಕಂಡರೆ ಕ್ರಿಪ್ಟೊಕೊಕಸ್ ಶಿಲೀಂಧ್ರಕ್ಕಾಗಿ ರಕ್ತದ ಆಂಟಿಜೆನ್ ಪರೀಕ್ಷೆ ಮಾಡಿಸಿ. ದೊಡ್ಡ ಗಂಟುಗಳು, ವೇಗವಾಗಿ ಬೆಳೆಯುವ ಗ್ರಂಥಿಗಳು ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇರಬಹುದು. ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರ್ ಪಠ್ಯಗಳಲ್ಲಿ ಎಷ್ಟು ಪುಟ ಹಿಡಿದಿದ್ದರೂ ಭಾರತದಲ್ಲಿ ಅಪರೂಪ. ಮಕ್ಕಳಲ್ಲಿ ಎರಡೂ ಕಡೆ ಸಣ್ಣ ಚುಕ್ಕೆಗಳಿದ್ದು, ಕೆನ್ನೆಯ ಗ್ರಂಥಿ ಊದಿ, ಬೆರಳ ತುದಿ ಉಬ್ಬಿದ್ದರೆ ಅದು ಲಿಂಫಾಯ್ಡ್ ಇಂಟರ್‌ಸ್ಟೀಶಿಯಲ್ ನ್ಯುಮೋನೈಟಿಸ್ ಎಂಬ ಶ್ವಾಸಕೋಶದ ಉರಿಯೂತ ಆಗಿರಬಹುದು. ಇದನ್ನು ಹರಡಿದ ಟಿಬಿ ಎಂದು ತಿಳಿಯುವುದು ಸುಲಭ. ಶ್ವಾಸಕೋಶ ಶುಭ್ರವಾಗಿದ್ದೂ ದಮ್ಮಿದ್ದರೆ ಹೃದಯದ ಗಾತ್ರ ಮತ್ತು ಶ್ವಾಸಕೋಶದ ಮುಖ್ಯ ರಕ್ತನಾಳಗಳ ದಪ್ಪವನ್ನು ಮತ್ತೊಮ್ಮೆ ನೋಡಿ, ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ.

ಈಗ ಧೂಳಿನ ಮಾತು. ಹಟ್ಟಿಯಂಥ ಚಿನ್ನದ ಗಣಿ, ಗ್ರಾನೈಟ್ ಕ್ವಾರಿಗಳಲ್ಲಿ ಬೆಣಚುಕಲ್ಲಿನ ಧೂಳು ಕುಡಿದವರಿಗೆ ಸಿಲಿಕೋಸಿಸ್ ಬರಬಹುದು. ಮೇಲ್ಭಾಗದಲ್ಲಿ ದುಂಡನೆಯ ಸಣ್ಣ ಗಂಟುಗಳು, ಕೆಲವೊಮ್ಮೆ ಗ್ರಂಥಿಗಳ ಅಂಚಿನಲ್ಲಿ ಸುಣ್ಣದ ಗೆರೆ ಅದರ ಲಕ್ಷಣ. ಕಬ್ಬಿಣದ ಧೂಳಿನಿಂದಲೂ ಚುಕ್ಕೆಗಳಾಗುತ್ತವೆ, ಆದರೆ ರೋಗಿಗೆ ಹೆಚ್ಚಿನ ತೊಂದರೆ ಇರುವುದಿಲ್ಲ. ಇವೆರಡೂ ಹರಡಿದ ಟಿಬಿಯನ್ನು ಹೋಲುತ್ತವೆ. ಹಾಗೆಂದು ‘ಇದು ಗಣಿಯ ಧೂಳು’ ಎಂದು ಟಿಬಿಯನ್ನು ಕೈಬಿಡುವುದು ಇನ್ನೂ ಅಪಾಯಕಾರಿ, ಏಕೆಂದರೆ ಸಿಲಿಕೋಸಿಸ್ ಸ್ವತಃ ಟಿಬಿಗೆ ದಾರಿ ಮಾಡಿಕೊಡುತ್ತದೆ. ಸಿಲಿಕೋಸಿಸ್ ಮತ್ತು ಎಚ್‌ಐವಿ ಎರಡೂ ಇದ್ದಲ್ಲಿ ಟಿಬಿಯ ಅಪಾಯ ಒಂದಕ್ಕೊಂದು ಕೂಡುವುದಲ್ಲ, ಗುಣಿಸಿಕೊಳ್ಳುತ್ತದೆ ಎಂಬುದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರ ಅಧ್ಯಯನಗಳಲ್ಲಿ ಕಂಡುಬಂದಿದೆ. ಧೂಳಿನ ಗಂಟುಗಳು ತಿಂಗಳುಗಳಲ್ಲಿ ಬದಲಾಗುವುದಿಲ್ಲ, ಟಿಬಿ ಬದಲಾಗುತ್ತದೆ. ಹಳೆಯ ಫಿಲ್ಮಿನ ಬೆಲೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು.

ಟಿಬಿ ತಪಾಸಣಾ ಶಿಬಿರಗಳಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಮತ್ತು ಫಿಲ್ಮ್ ಓದುವ ಕಂಪ್ಯೂಟರ್ ತಂತ್ರಾಂಶ ಬಂದಿವೆ. 15 ವರ್ಷ ಮೇಲ್ಪಟ್ಟವರ ಟಿಬಿ ತಪಾಸಣೆಗೆ ಇಂಥ ತಂತ್ರಾಂಶವನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಆದರೆ ಅಲ್ಲಿ ಅದು ಹುಡುಕುವುದು ಮುಖ್ಯವಾಗಿ ಟಿಬಿಯನ್ನು; ಅದು ‘ಇಲ್ಲ’ ಎಂದಾಕ್ಷಣ ನ್ಯುಮೋಸಿಸ್ಟಿಸ್ ಇಲ್ಲವೆಂದಾಗಲಿ, ಸಿಡಿ4 ತೀರ ಕಡಿಮೆಯಿರುವವರಲ್ಲಿ ಟಿಬಿಯೇ ಇಲ್ಲವೆಂದಾಗಲಿ ತಿಳಿಯುವಂತಿಲ್ಲ.

ಹಂತ 5: ಅಲ್ಟ್ರಾಸೌಂಡ್

ಗರ್ಭಿಣಿಯರಿಗೆಂದೇ ಮೀಸಲೆಂಬಂತೆ ನೋಡುವ ಅಲ್ಟ್ರಾಸೌಂಡ್ ಯಂತ್ರ ಎದೆಯ ಕಾಯಿಲೆಗೂ ಬಹಳ ಉಪಯುಕ್ತ, ವಿಕಿರಣವೂ ಇಲ್ಲ. ಎಕ್ಸ್-ರೇಯಲ್ಲಿ ಕಾಣಲು ಸುಮಾರು 200 ಮಿಲಿಲೀಟರ್ ನೀರು ಬೇಕಾದರೆ, ಇದರಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ನೀರು ಸಿಗುತ್ತದೆ. ಒಳಗೆ ಬಲೆಯಂಥ ಎಳೆಗಳಿವೆಯೇ, ಕೀವಿನಂತೆ ದಟ್ಟವಾಗಿದೆಯೇ ಎಂಬುದೂ ತಿಳಿಯುತ್ತದೆ. ನೀರು ತೆಗೆಯುವಾಗ ಸೂಜಿ ಹಾಕುವ ಜಾಗವನ್ನು ಇದರಿಂದಲೇ ಗುರುತಿಸಿಕೊಳ್ಳಬೇಕು.

ಎಚ್‌ಐವಿ ಇರುವವರಲ್ಲಿ ಟಿಬಿ ಹುಡುಕಲು ‘ಫ್ಯಾಶ್’ ಎಂಬ ಸಂಕ್ಷಿಪ್ತ ಕ್ರಮವೊಂದು ಬಳಕೆಯಲ್ಲಿದೆ. ಹೃದಯದ ಸುತ್ತ ನೀರು, ಎದೆಯ ಯಾವುದೇ ಪಕ್ಕದಲ್ಲಿ ನೀರು, ಹೊಟ್ಟೆಯಲ್ಲಿ 1.5 ಸೆಂಟಿಮೀಟರ್ ಮೀರಿದ ಗ್ರಂಥಿಗಳು, ಗುಲ್ಮದಲ್ಲಿ (ಸ್ಪ್ಲೀನ್) ಸಣ್ಣ ಕಪ್ಪು ಚುಕ್ಕೆಗಳು, ಯಕೃತ್ತಿನಲ್ಲಿ ಗಾಯಗಳು ಇವೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡಿಬಿಡಬಹುದು. ಎದೆಯ ಫಿಲ್ಮ್ ಏನೂ ಹೇಳದಿದ್ದಾಗ ಗುಲ್ಮದ ಚುಕ್ಕೆಗಳೇ ರೋಗದ ದಾರಿ ತೋರಿಸಿದ ಸಂದರ್ಭಗಳುಂಟು.

ಹಂತ 6: ಸಿಟಿ ಯಾವಾಗ?

ಎಲ್ಲರಿಗೂ ಸಿಟಿ ಬೇಡ. ಲಕ್ಷಣಗಳಿದ್ದೂ ಎಕ್ಸ್-ರೇ ಸಹಜವಾಗಿದ್ದಾಗ, ಎಕ್ಸ್-ರೇಯ ಮಬ್ಬು ಯಾವ ನಿರ್ಧಾರಕ್ಕೂ ಬರಲು ಬಿಡದಿದ್ದಾಗ, ಚಿಕಿತ್ಸೆಗೆ ರೋಗ ಬಗ್ಗದಿದ್ದಾಗ, ಅಥವಾ ಸೂಜಿಯಿಂದ ಮಾದರಿ ತೆಗೆಯಲು ಜಾಗ ಗುರುತಿಸಬೇಕಾದಾಗ ಅದು ಬೇಕು. ಬಳ್ಳಾರಿಯ ಜನ ಇಂದಿಗೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಈ ಕೆಲಸಕ್ಕೆ ಕಳಿಸುವ ಜಾಗಗಳು.

ಕೇಳುವಾಗ ಪ್ರಶ್ನೆ ಸ್ಪಷ್ಟವಾಗಿರಲಿ. ನ್ಯುಮೋಸಿಸ್ಟಿಸ್ ಸಂಶಯವಿದ್ದರೆ ಔಷಧ ಚುಚ್ಚದ, ಒಂದು ಒಂದೂವರೆ ಮಿಲಿಮೀಟರ್ ತೆಳು ಪದರಗಳ ಎಚ್‌ಆರ್‌ಸಿಟಿ ಸಾಕು. ಉಜ್ಜಿದ ಗಾಜಿನಂಥ ಮಬ್ಬು, ಅಂದರೆ ಗ್ರೌಂಡ್ ಗ್ಲಾಸ್, ಕಂಡರೆ ಸಂಶಯ ಬಲವಾಗುತ್ತದೆ. ಎಚ್‌ಆರ್‌ಸಿಟಿ ಪೂರ್ತಿ ಸಹಜವಾಗಿದ್ದರೆ ಆ ರೋಗವನ್ನು ಹೆಚ್ಚುಕಡಿಮೆ ತಳ್ಳಿಹಾಕಬಹುದು. ಗ್ರಂಥಿಗಳ ಟಿಬಿ ಸಂಶಯವಿದ್ದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಚುಚ್ಚುವ ಔಷಧ) ಬೇಕು: ಅಂಚು ಹೊಳೆದು ನಡುಭಾಗ ಕಪ್ಪಾಗಿರುವ ಗ್ರಂಥಿಗಳು ಟಿಬಿಯ ಕಡೆಗೆ ಬೆರಳು ಮಾಡುತ್ತವೆ. ಎಆರ್‌ಟಿಯಲ್ಲಿರುವ ಟೆನೊಫೋವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡುವುದರಿಂದ ಕಾಂಟ್ರಾಸ್ಟ್‌ಗೆ ಮುನ್ನ ಕ್ರಿಯಾಟಿನಿನ್ ನೋಡಿಕೊಳ್ಳಬೇಕು. ವಿಕಿರಣದ ಲೆಕ್ಕದಲ್ಲಿ ಎದೆಯ ಎಕ್ಸ್-ರೇ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ, ಸಿಟಿ ಸುಮಾರು 5ರಿಂದ 7. ಗರ್ಭಿಣಿಗೆ ಅಗತ್ಯವಿದ್ದಾಗ ಎದೆಯ ಎಕ್ಸ್-ರೇ ನಿರಾಕರಿಸುವುದು ತಾಯಿಗೂ ಮಗುವಿಗೂ ಹಾನಿ. ಶಿಶುವಿಗೆ ತಲುಪುವ ಕಿರಣ ನಗಣ್ಯ.

ಹಂತ 7: ಚಿತ್ರದಿಂದ ಪ್ರಯೋಗಾಲಯಕ್ಕೆ

ಚಿತ್ರ ಹುಟ್ಟಿಸಿದ ಸಂಶಯವನ್ನು ದೃಢಪಡಿಸುವುದು ಮಾದರಿಯ ಪರೀಕ್ಷೆ. ಕಫವನ್ನು, ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಗೆ ಕಳಿಸಿ. ಟಿಬಿಯ ಜೊತೆ ರಿಫಾಂಪಿಸಿನ್ ಔಷಧಕ್ಕೆ ಬಗ್ಗದ ತಳಿಯೂ ಗೊತ್ತಾಗುತ್ತದೆ, ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇದು ಉಚಿತ. ಕಫ ಬಾರದವರಿಗೆ ಉಪ್ಪುನೀರಿನ ಹಬೆ ಕೊಟ್ಟು ಬರಿಸಬಹುದು. ಸಿಡಿ4 ತೀರ ಕಡಿಮೆಯಿರುವವರಲ್ಲಿ ಮೂತ್ರದಲ್ಲಿ ಟಿಬಿ ರೋಗಾಣುವಿನ ಅಂಶವನ್ನು ಹುಡುಕುವ ಲ್ಯಾಮ್ ಪರೀಕ್ಷೆ ಹೆಚ್ಚು ಫಲ ಕೊಡುತ್ತದೆ. ಎದೆಯ ನೀರನ್ನು ಕೋಶಗಳ ಎಣಿಕೆ, ಪ್ರೋಟೀನ್, ಎಡಿಎ (ಟಿಬಿಯಲ್ಲಿ ಏರುವ ಒಂದು ಕಿಣ್ವ) ಮತ್ತು ಸಿಬಿನಾಟ್‌ಗೆ ಕಳಿಸಬೇಕು. ನ್ಯುಮೋಸಿಸ್ಟಿಸ್ ದೃಢಪಡಿಸಲು ಬ್ರಾಂಕೊಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಬೇಕಾಗಬಹುದು, ಆದರೆ ಅದಕ್ಕಾಗಿ ಚಿಕಿತ್ಸೆ ತಡೆಹಿಡಿಯಬಾರದು. ಚಿಕಿತ್ಸೆ ಆರಂಭಿಸಿದ ಕೆಲವು ದಿನಗಳ ನಂತರವೂ ರೋಗಾಣು ಮಾದರಿಯಲ್ಲಿ ಸಿಗುತ್ತದೆ.

ಕನಕಗಿರಿಯಿಂದಲೋ ಮಸ್ಕಿಯಿಂದಲೋ ಬಂದವರಿಗೆ ಒಂದು ಭೇಟಿ ಎಂದರೆ ಒಂದು ದಿನದ ಕೂಲಿ, ಜೊತೆಗೆ ಬಂದವರದ್ದೂ ಸೇರಿ ಎರಡು. ಎಕ್ಸ್-ರೇ, ಕಫ, ರಕ್ತ, ಅಲ್ಟ್ರಾಸೌಂಡ್ ಎಲ್ಲವನ್ನೂ ಅದೇ ದಿನ ಮುಗಿಸುವಂತೆ ಚೀಟಿ ಬರೆದರೆ ಅರ್ಧದಲ್ಲೇ ತಪ್ಪಿಸಿಕೊಳ್ಳುವವರು ಕಡಿಮೆಯಾಗುತ್ತಾರೆ.

ಹಂತ 8: ಚಿಕಿತ್ಸೆಯ ನಂತರದ ಚಿತ್ರಗಳು

ನ್ಯುಮೋಸಿಸ್ಟಿಸ್‌ನಲ್ಲಿ ಚಿಕಿತ್ಸೆಯ ಮೊದಲ ಮೂರರಿಂದ ಐದು ದಿನ ಎಕ್ಸ್-ರೇ ಇನ್ನಷ್ಟು ಕೆಡಬಹುದು. ಅದೊಂದನ್ನೇ ನೋಡಿ ಔಷಧ ಬದಲಿಸಬೇಡಿ, ಉಸಿರಾಟ ಮತ್ತು ಆಮ್ಲಜನಕದ ಮಟ್ಟವನ್ನು ನೋಡಿ.

ಇನ್ನೊಂದು ಸಂದರ್ಭ ವೈದ್ಯರನ್ನೂ ಗೊಂದಲಕ್ಕೆ ತಳ್ಳುತ್ತದೆ. ಟಿಬಿ ಚಿಕಿತ್ಸೆಯಿಂದ ಚೇತರಿಸುತ್ತಿದ್ದ ರೋಗಿಗೆ ಎಆರ್‌ಟಿ ಶುರುವಾದ ಕೆಲವು ವಾರಗಳಲ್ಲಿ, ಹೆಚ್ಚಾಗಿ ಮೊದಲ ಮೂರು ತಿಂಗಳೊಳಗೆ, ಮತ್ತೆ ಜ್ವರ ಬಂದು ಗ್ರಂಥಿಗಳು ಊದಿ ಫಿಲ್ಮಿನಲ್ಲಿ ಹೊಸ ಕಲೆಗಳು ಮೂಡುತ್ತವೆ. ಇದನ್ನು ಐರಿಸ್ ಎನ್ನುತ್ತಾರೆ. ಮರಳಿ ಬಂದ ರೋಗನಿರೋಧಕ ಶಕ್ತಿ, ಮೊದಲು ಕಾಣದಿದ್ದ ಹೋರಾಟವನ್ನು ಈಗ ಆರಂಭಿಸಿರುತ್ತದೆ. ಸಿಡಿ4 ತೀರ ಕೆಳಮಟ್ಟದಿಂದ ಏರುತ್ತಿರುವವರಲ್ಲಿ ಇದು ಹೆಚ್ಚು. ಆದರೆ ಐರಿಸ್ ಎಂದು ಹೇಳುವ ಮುನ್ನ ಗುಳಿಗೆ ಬಿಟ್ಟಿದ್ದಾರೆಯೇ, ಔಷಧಕ್ಕೆ ಬಗ್ಗದ ಟಿಬಿಯೇ, ಹೊಸ ಸೋಂಕೇ ಎಂಬ ಮೂರನ್ನೂ ಪರೀಕ್ಷಿಸಿ ಬದಿಗಿಡಬೇಕು. ಎಆರ್‌ಟಿ ಆರಂಭಿಸುವಾಗಲೇ ಒಂದು ಎಕ್ಸ್-ರೇ ತೆಗೆಸಿಟ್ಟಿದ್ದರೆ ಈ ಹೋಲಿಕೆ ಸಾಧ್ಯ, ಇಲ್ಲದಿದ್ದರೆ ಬರೀ ಊಹೆ.

ಟಿಬಿ ಚಿಕಿತ್ಸೆ ಮುಗಿದಾಗಲೂ ಒಂದು ಫಿಲ್ಮ್ ತೆಗೆಸಿ. ಕಲೆ ಉಳಿದಿದ್ದರೆ ಅದು ಮುಂದಿನ ಸಲ ಹೋಲಿಸಿ ನೋಡುವವರಿಗೆ ಬೇಕು. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬೆಂಗಳೂರು, ಗೋವಾ, ಮುಂಬೈಗೆ ಗುಳೆ ಹೋಗುವವರ ಫಿಲ್ಮುಗಳು ಸೋರುವ ಶೆಡ್ಡುಗಳಲ್ಲಿ ಹಾಳಾಗುತ್ತವೆ, ಇಲ್ಲವೇ ಬಿಟ್ಟುಬಂದ ಊರಿನಲ್ಲೇ ಉಳಿಯುತ್ತವೆ. ಅಂಥವರು ಹೊರಡುವ ಮುನ್ನ ಫಿಲ್ಮನ್ನು ಬೆಳಕಿಗೆ ಹಿಡಿದು, ಹೆಸರು ಮರೆಯಾಗುವಂತೆ ಆದರೆ ದಿನಾಂಕ ಕಾಣುವಂತೆ ಅವರ ಸ್ವಂತ ಮೊಬೈಲಿನಲ್ಲೇ ಚಿತ್ರ ತೆಗೆದುಕೊಡಿ. ವರದಿಯ ಸಾರವನ್ನು, ಆ ದಿನದ ಸಿಡಿ4 ಎಣಿಕೆಯೊಂದಿಗೆ, ಎಆರ್‌ಟಿ ಪುಸ್ತಕದಲ್ಲಿ ಒಂದು ಸಾಲಾಗಿ ಬರೆದು ಸಹಿ ಹಾಕಿ.